ಕೊಯ್ಯದೆ ಉಳಿದ ನೀಲಿ ಪಟ್ಟಿ

ನಾನು ಒಂದು ಪ್ಯಾಕಿಂಗ್ ಪಟ್ಟಿ. ಬೆರಳಿನಷ್ಟು ಅಗಲ, ಆಕಾಶನೀಲಿ ಬಣ್ಣ, ಮೈತುಂಬ ಸಣ್ಣ ಚೌಕಳಿ ಗೀರು. ಪೆಟ್ಟಿಗೆಗಳಿಗೆ ಸುತ್ತಿ ಬಿಗಿದಿರುತ್ತಾರಲ್ಲ, ಮನೆಗೆ ತಂದ ಕೂಡಲೇ ನೀವು ಕತ್ತರಿಸಿ ಮೂಲೆಗೆಸೆಯುತ್ತೀರಲ್ಲ, ಅದೇ. ನನ್ನನ್ನು ಯಾರೂ ಎರಡನೆಯ ಸಲ ತಿರುಗಿ ನೋಡುವುದಿಲ್ಲ. ನೋಡಲಿ ಎಂದು ನಾನು ಬಯಸಿದ್ದೂ ಇಲ್ಲ. ಬಯಸುವುದು, ಹೆದರುವುದು, ಬೇಸರಪಡುವುದು ಯಾವುದೂ ನನಗೆ ಬಾರದ ವಿದ್ಯೆ. ಆದ್ದರಿಂದ ಈ ಕಥೆಯಲ್ಲಿ ಎಲ್ಲಾದರೂ ಕಣ್ಣೀರು ಬಂದರೆ ಅದು ಬೇರೆಯವರದು ಎಂದು ತಿಳಿಯಿರಿ. ಕಂಡದ್ದನ್ನು ಕಂಡ ಹಾಗೆ ಹೇಳುವುದಷ್ಟೇ ನನ್ನ ಕೆಲಸ.

ಹುಟ್ಟಿದ್ದು ನಮ್ಮ ಕರಾವಳಿಯ ಒಂದು ತಗಡಿನ ಶೆಡ್ಡಿನಲ್ಲಿ. ಸಾಬಕ್ಕಿಯಂಥ ಬಿಳಿ ಕಾಳುಗಳನ್ನು ಯಂತ್ರದ ಬಾಯಿಗೆ ಸುರಿದು, ಒಂದು ಹಿಡಿ ನೀಲಿ ಪುಡಿ ಬೆರೆಸಿದರು. ಕಾದೆ, ಕರಗಿದೆ, ಕಿರಿದಾದ ಸೀಳಿನಿಂದ ಹೊರಬಂದೆ. ನೀರಿನ ತೊಟ್ಟಿಯಲ್ಲಿ ತಣ್ಣಗಾಗುವಷ್ಟರಲ್ಲಿ ಉರುಳೆಗಳು ಹಿಡಿದು ಜಗ್ಗಿ ಜಗ್ಗಿ ನನ್ನನ್ನು ಗಟ್ಟಿ ಮಾಡಿದವು. ಯಂತ್ರ ನಡೆಸುವವನು ಒಂದು ಮೊಳ ಕೈಗೆ ಸುತ್ತಿಕೊಂಡು ಎಳೆದು ನೋಡಿದ. “ಎಂತ ಮಾಡ್ರೂ ತುಂಡಾತಿಲ್ಲೆ,” ಎಂದ. ನನಗೆ ಬರೆದ ಜಾತಕ ಅಷ್ಟೇ.

ಅಲ್ಲಿಂದ ಸುರುಳಿಯಾಗಿ ಮೀನು ಪ್ಯಾಕಿಂಗ್ ಕಾರ್ಖಾನೆಗೆ ಹೋದೆ. ಮೊಣಕಾಲಿನವರೆಗಿನ ರಬ್ಬರ್ ಬೂಟು, ತಲೆಗೆ ಬಿಳಿ ಟೊಪ್ಪಿ ಹಾಕಿಕೊಂಡ ಹೆಂಗಸರು ಸಾಲಾಗಿ ನಿಂತು ಕೆಲಸ ಮಾಡುವ ಜಾಗ ಅದು. ಬೊಂಡಾಸ್, ಅಂದರೆ ಸ್ಕ್ವಿಡ್ ಮೀನನ್ನು ಹಿಮಗಟ್ಟಿಸಿ ಸಣ್ಣ ಪೆಟ್ಟಿಗೆಗೆ ತುಂಬುತ್ತಿದ್ದರು. ಪೆಟ್ಟಿಗೆ ಎರಡು ಗೇಣು ಉದ್ದ, ಒಂದು ಗೇಣು ಅಗಲ. ಉದ್ದಕ್ಕೆ ಒಂದು ಪಟ್ಟಿ, ಅಡ್ಡಕ್ಕೆ ಎರಡು. ನಾನು ಅಡ್ಡಪಟ್ಟಿ. ಜಲಜಕ್ಕ ಎಂಬಾಕೆ ಪೆಟ್ಟಿಗೆಯನ್ನು ಯಂತ್ರದ ಕೆಳಗೆ ತಳ್ಳಿದಳು. ಯಂತ್ರ ನನ್ನನ್ನು ಸುತ್ತಿ, ಬಿಗಿದು, ಎರಡು ತುದಿಗಳನ್ನು ಕಾಯಿಸಿ ಒತ್ತಿತು. ಆ ಗಳಿಗೆಯಿಂದ ನಾನು ಬಳೆಯಾದೆ, ತುದಿ ಮೊದಲಿಲ್ಲದವನಾದೆ.

“ಇಷ್ಟ್ ಸಣ್ಣ ಬೊಂಡಾಸ್ ಯಾರ್ ತಿಂತ್ರೇ?” ಎಂದು ಜಲಜಕ್ಕ ಪಕ್ಕದವಳನ್ನು ಕೇಳಿದಳು.

“ತಿಂಬುಕಲ್ಲ ಮಾರಾಯ್ತಿ. ಗಾಳಕ್ಕ್ ಹಾಕುಕೆ.”

“ಮೀನಿಗ್ ಮೀನ್ ತಿನ್ಸುಕಾ? ಒಳ್ಳೆ ಕತಿ!” ಎಂದು ನಗುತ್ತಾ ಅವಳು ಮುಂದಿನ ಪೆಟ್ಟಿಗೆ ತಳ್ಳಿದಳು. ಅವಳ ಮುಖವನ್ನು ನಾನು ಮತ್ತೆ ನೋಡಲಿಲ್ಲ.

ತಣ್ಣನೆಯ ಕಂಟೇನರಿನಲ್ಲಿ ಎಷ್ಟು ದಿನ ಇದ್ದೆನೋ ಲೆಕ್ಕವಿಲ್ಲ. ಬಾಗಿಲು ತೆರೆದಾಗ ನಾನು ಭೂಮಿಯ ತೀರ ದಕ್ಷಿಣದ ಕಡಲಿನಲ್ಲಿ, ಒಂದು ಗಾಳದ ಹಡಗಿನಲ್ಲಿದ್ದೆ. ಮೈಲುಗಟ್ಟಲೆ ಉದ್ದದ ಹಗ್ಗ, ಅದಕ್ಕೆ ಸಾವಿರಾರು ಗಾಳ, ಗಾಳಕ್ಕೊಂದು ಬೊಂಡಾಸ್. ಹಿಮಖಂಡದ ಪಕ್ಕದ ಆಳದಲ್ಲಿರುವ ದೊಡ್ಡ ಮೀನುಗಳನ್ನು ಹಾಗೆ ಹಿಡಿಯುತ್ತಿದ್ದರು. ಹಡಗಿನವರು ಹತ್ತು ದೇಶದವರು. ಅವರಲ್ಲಿ ಇಬ್ಬರು ನಮ್ಮ ಕುಂದಾಪುರದ ಕಡೆಯವರು. ಅಡುಗೆಯ ಬಾಬಣ್ಣ ಐವತ್ತು ದಾಟಿದವನು. ಡೆಕ್ಕಿನ ಮೇಲೆ ಪೆಟ್ಟಿಗೆ ಬಿಚ್ಚುವ ರತ್ನಾಕರ ಮೊಗವೀರನಿಗೆ ಇನ್ನೂ ಮೂವತ್ತಾಗಿರಲಿಲ್ಲ.

ಆ ಹಡಗಿನಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಓದು ಬಾರದವರಿಗೂ ತಿಳಿಯಲೆಂದು ಗೋಡೆಯ ಮೇಲೆ ಚಿತ್ರ ಬರೆದು ಅಂಟಿಸಿದ್ದರು. ಪೆಟ್ಟಿಗೆಯಿಂದ ತೆಗೆದ ಪ್ರತಿ ಪಟ್ಟಿಯನ್ನೂ ಅಲ್ಲೇ ಮೂರು ತುಂಡು ಮಾಡಿ ಡಬ್ಬಿಗೆ ಹಾಕಬೇಕು. ಬಳೆಯನ್ನು ಬಳೆಯಾಗಿ ಬಿಡಕೂಡದು.

ರತ್ನಾಕರನಿಗೆ ನಿಯಮ ಗೊತ್ತಿತ್ತು. ಆದರೆ ಅವನಿಗೆ ಊರಿನಲ್ಲಿ ಗುಲಾಬಿ ಎಂಬ ಅಕ್ಕ ಇದ್ದಳು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಬಿದಿರಿನ ಬುಟ್ಟಿ ಉಪ್ಪುನೀರಿಗೆ ಆರು ತಿಂಗಳಲ್ಲಿ ಕೊಳೆತು ಹೋಗುತ್ತದೆ. ನಮ್ಮಂಥ ಪಟ್ಟಿಗಳಿಂದ ಹೆಣೆದ ಬುಟ್ಟಿ ವರ್ಷಗಟ್ಟಲೆ ಬಾಳುತ್ತದೆ. ಅವರ ಕೇರಿಯ ಹೆಂಗಸರು ಬಂದರಿನಲ್ಲಿ ಬಿದ್ದ ಪಟ್ಟಿಗಳನ್ನು ಆರಿಸಿ ತಂದು ಅಂಥ ಬುಟ್ಟಿ ಹೆಣೆಯುತ್ತಿದ್ದರು. ಉದ್ದದವು ಗೋಡೆಗೆ, ಗಿಡ್ಡದವು ತಳಕ್ಕೆ. ಮೂರು ತುಂಡು ಮಾಡಿದರೆ ಯಾವುದಕ್ಕೂ ಬರುವುದಿಲ್ಲ. ಬೆಸುಗೆ ಹಾಕಿದ ಕಡೆಯೇ ಹುಡುಕಿ ಕೊಯ್ದರೆ ಪೂರ್ತಿ ಉದ್ದ ಸಿಗುತ್ತದೆ. ದಪ್ಪ ಕೈಗವಸು ಹಾಕಿಕೊಂಡು, ಹಿಮಗಾಳಿಯಲ್ಲಿ ನಿಂತು ಬೆಸುಗೆ ಹುಡುಕುವುದಕ್ಕೆ ಪುರುಸೊತ್ತೆಲ್ಲಿ? ಅವನು ಪೆಟ್ಟಿಗೆಯ ಮೂಲೆ ಅಮುಕಿ ನಮ್ಮನ್ನು ಇಡಿಯಾಗಿ ಜಾರಿಸಿ ತೆಗೆದು ಕೊಕ್ಕೆಗೆ ನೇತುಹಾಕುತ್ತಿದ್ದ. ಆಮೇಲೆ ನಿಧಾನವಾಗಿ ಕೊಯ್ಯೋಣ ಎಂಬುದು ಅವನ ಲೆಕ್ಕಾಚಾರ. ಬೇಜವಾಬ್ದಾರಿ ಮನುಷ್ಯನಾಗಿದ್ದರೆ ಕಣ್ಣುಮುಚ್ಚಿ ಮೂರು ತುಂಡು ಮಾಡಿ ಎಸೆದುಬಿಡುತ್ತಿದ್ದ. ಇವನು ಜೋಪಾನದವನು.

“ಹ್ವಾಯ್ ರತ್ನ, ಆ ಪಟ್ಟಿ ಎಲ್ಲ ಕೊಯ್ದ್ ಹಾಕಾ. ಗೋಡಿ ಮೇಲ್ ಬರ್ದದ್ ಕಾಂತಿಲ್ಯಾ?” ಎಂದು ಬಾಬಣ್ಣ ಅಡುಗೆಮನೆಯ ಬಾಗಿಲಿನಿಂದ ಕೂಗಿದ.

“ಕೊಯ್ತೆ ಬಾಬಣ್ಣ. ಮೂರ್ ತುಂಡ್ ಮಾಡ್ರೆ ಗುಲಾಬಿಯಕ್ಕನಿಗ್ ಎಂತ ಕೊಡೂದ್? ಬೆಸ್ಗಿ ಹತ್ರವೇ ಕೊಯ್ಕ್. ಚೂರ್ ಪುರ್ಸೊತ್ ಆಯ್ಲಿ.”

“ನಿಂಗ್ ಪುರ್ಸೊತ್ ಆಪತಿಗೆ ಹಡ್ಗ್ ಊರಿಗ್ ಮುಟ್ಟತ್,” ಎಂದು ಬಾಬಣ್ಣ ಒಳಗೆ ಹೋದ.

ಅದೇ ದಿನ ಮಧ್ಯಾಹ್ನ ಹಗ್ಗ ಎಳೆದುಕೊಳ್ಳುವ ಪಕ್ಕದ ಬಾಗಿಲಿನಿಂದ ಒಂದು ಅಲೆ ಒಳಗೆ ನುಗ್ಗಿತು. ಮೊಣಕಾಲು ಮುಳುಗುವಷ್ಟು ನೀರು ಡೆಕ್ಕಿನ ಮೇಲೆ ಹರಿದು, ಬಂದ ದಾರಿಯಲ್ಲೇ ಹೊರಗೆ ಹೋಯಿತು. ಕೊಕ್ಕೆ ಖಾಲಿ. ರತ್ನಾಕರ ಬಾಗಿಲಿನ ಕಂಬ ಹಿಡಿದು ನಿಂತು ನಮ್ಮನ್ನು ನೋಡಿದ. ನಾವು ನೀಲಿ ಗೊಂಚಲಾಗಿ ಬೂದು ನೀರಿನ ಮೇಲೆ ತೇಲುತ್ತಿದ್ದೆವು.

ಬಾಬಣ್ಣ ಬಂದು ಅವನ ಹಿಂದೆ ನಿಂತ. “ಹೋಯ್ತಾ?”

“ಹೋಯ್ತ್.” ರತ್ನಾಕರ ಖಾಲಿ ಕೊಕ್ಕೆಯತ್ತ ತಿರುಗಿ, “ಪಟ್ಟಿಯೇ ಅಲ್ದಾ ಬಾಬಣ್ಣ. ಎಂತ ಆತ್?” ಎಂದ.

ಬಾಬಣ್ಣ ಅಡುಗೆಮನೆಗೆ ಮರಳಿದ. ರತ್ನಾಕರ ಸೊಂಟದ ಚಾಕು ತೆಗೆದ. ಮುಂದಿನ ಪೆಟ್ಟಿಗೆಯ ಪಟ್ಟಿಯನ್ನು ಮೂರು ತುಂಡು ಮಾಡಿದ. ಅದರ ಮುಂದಿನದನ್ನೂ ಮಾಡಿದ. ಹಡಗು ದೂರವಾಗುವ ತನಕ ಅವನು ಕೊಯ್ಯುತ್ತಲೇ ಇದ್ದದ್ದು ನನಗೆ ಕಾಣಿಸುತ್ತಿತ್ತು.

ನಾವು ಮುಳುಗುವ ಜಾತಿಯಲ್ಲ. ಮೊದಲ ವಾರದಲ್ಲೇ ಗೊಂಚಲು ಬಿಚ್ಚಿ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದೆವು. ಅಷ್ಟು ದೂರದಲ್ಲಿ, ಮನುಷ್ಯರೇ ಇಲ್ಲದ ಕಡಲಿನಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ಬಾಟಲಿ ಮುಚ್ಚಳ, ಥರ್ಮೋಕೋಲು, ಬಲೆಯ ಚೂರು, ಎಲ್ಲರೂ ನನಗಿಂತ ಮೊದಲೇ ಬಂದು ತೇಲುತ್ತಿದ್ದರು. ಒಂದು ದೊಡ್ಡ ಹಕ್ಕಿ ನನ್ನ ಪಕ್ಕದಿಂದ ಕೆಂಪು ಮುಚ್ಚಳವೊಂದನ್ನು ಎತ್ತಿಕೊಂಡು, ಮರಿಗೆ ಗುಟುಕು ಕೊಡಲು ಹಾರಿಹೋಯಿತು. ಒಂದು ಚಳಿಗಾಲವನ್ನು ನಾನು ಮಂಜುಗಡ್ಡೆಯ ಒಳಗೇ ಕಳೆದೆ. ಬೇಸಗೆಯಲ್ಲಿ ಗಡ್ಡೆ ಕರಗಿದಾಗ ಬಿಸಿಲು ನನ್ನ ಮೈ ಕೆರೆಯಿತು. ಕಣ್ಣಿಗೆ ಕಾಣದಂಥ ನೀಲಿ ಪುಡಿ ಉದುರಿತು. ಸೀಗಡಿಯಂಥ ಸಣ್ಣ ಕ್ರಿಲ್‌ಗಳು ಲಕ್ಷಗಟ್ಟಲೆ ಬಂದು, ಊಟವೆಂದು ಅದನ್ನೂ ತಿಂದವು. ಆ ಕ್ರಿಲ್‌ಗಳನ್ನು ತಿಮಿಂಗಿಲ ತಿಂದಿತು, ಪೆಂಗ್ವಿನ್ ತಿಂದಿತು, ಸೀಲ್ ತಿಂದಿತು. ಇದು ಊಟವಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ.

ಹೀಗೆ ತೇಲುತ್ತಿದ್ದಾಗ ಒಂದು ಹೆಣ್ಣು ಸೀಲ್ ಮರಿ ನನ್ನನ್ನು ಕಂಡಿತು. ಮೈತುಂಬ ದಟ್ಟ ತುಪ್ಪಳ, ದೊಡ್ಡ ಕಪ್ಪು ಕಣ್ಣು. ತಾಯಿಯ ಹಾಲು ಬಿಟ್ಟು ಕೆಲವೇ ವಾರ ಆಗಿದ್ದಿರಬೇಕು. ಕಂಡದ್ದನ್ನೆಲ್ಲ ಮೂಗಿನಿಂದ ತಿವಿದು ನೋಡುವ ವಯಸ್ಸು. ಅವಳು ಕಡಲಪಾಚಿಯ ಜೊತೆ ಆಡಿದಳು, ನನ್ನ ಜೊತೆಯೂ ಆಡಿದಳು. ಹಿಡಿದು ಎಸೆದಳು, ಮುಳುಗಿ ಕೆಳಗಿನಿಂದ ಬಂದಳು. ನಾಲ್ಕನೆಯ ಸಲ ನನ್ನ ನಡುವೆ ತಲೆ ತೂರಿಸಿದಳು.

ಸೀಲ್‌ಗಳ ತುಪ್ಪಳ ಹಿಂದಕ್ಕೆ ಬಾಚಿದ ಹಾಗಿರುತ್ತದೆ. ನಾನು ಸಲೀಸಾಗಿ ಕುತ್ತಿಗೆಗೆ ಇಳಿದೆ. ಅವಳು ಹಿಂದೆ ಸರಿದಾಗ ರೋಮಗಳು ಎದ್ದು ನಿಂತು ನನ್ನನ್ನು ತಡೆದವು. ತಲೆ ಕೊಡವಿದಳು, ಮುಂಗಾಲಿನ ರೆಕ್ಕೆಯಿಂದ ಕೆರೆದಳು, ಬಂಡೆಗೆ ಉಜ್ಜಿದಳು. ಆಮೇಲೆ ಹಸಿವಾಗಿ ಊಟ ಹುಡುಕಲು ಹೋದಳು. ನಾನೂ ಜೊತೆಗೆ ಹೋದೆ.

ಮೊದಲ ವರ್ಷ ನಾನು ಸಡಿಲವಾದ ಸರದಂತಿದ್ದೆ. ಎರಡನೆಯ ವರ್ಷ ಸರಿಯಾಗಿ ಕೂತೆ. ಮೂರನೆಯ ವರ್ಷ ತುಪ್ಪಳ ಸವೆದು, ನನಗೆ ಅವಳ ಚರ್ಮ ನೇರವಾಗಿ ತಾಗಿತು. ಅವಳು ಬೆಳೆಯುತ್ತಿದ್ದಳು. ಮರಿ ಎಂದ ಮೇಲೆ ಬೆಳೆಯಲೇಬೇಕಲ್ಲ. ನಾನು ಬೆಳೆಯಲಿಲ್ಲ. ಇದರಲ್ಲಿ ದ್ವೇಷವೇನೂ ಇರಲಿಲ್ಲ. ಹರಿಯಬೇಡ ಎಂದು ಮಾಡಿದ್ದರು, ಹರಿಯಲಿಲ್ಲ. ಆಳಕ್ಕೆ ಮುಳುಗಿದಾಗಲೆಲ್ಲ ಅವಳ ರಕ್ತ ನನ್ನ ಕೆಳಗೆ ಡಬಡಬ ಎನ್ನುತ್ತಿತ್ತು. ಜೊತೆಯವರಿಗಿಂತ ಬೇಗ ಮೇಲೆ ಬರುತ್ತಿದ್ದಳು. ಮೈಯಲ್ಲಿ ಕೊಬ್ಬು ಕಡಿಮೆಯಾಯಿತು.

ನಾಲ್ಕನೆಯ ಬೇಸಗೆಯಲ್ಲಿ ಅವಳು ತಾನು ಹುಟ್ಟಿದ ದ್ವೀಪದ ಕಲ್ಲುದಂಡೆಗೆ ಬಂದು ಒಂದು ಗಂಡುಮರಿ ಹಾಕಿದಳು. ಅಲ್ಲಿ ಸಾವಿರಾರು ತಾಯಂದಿರು, ಸಾವಿರಾರು ಮರಿಗಳು, ಎಲ್ಲವೂ ಕಪ್ಪು, ಎಲ್ಲವೂ ಒಂದೇ ಥರ. ಅವರೊಳಗೆ ಒಂದು ಪದ್ಧತಿ ಉಂಟು. ಮರಿ ಹುಟ್ಟಿದ ಗಳಿಗೆಯಿಂದ ತಾಯಿ ಕೂಗುತ್ತಾಳೆ, ಮರಿ ಓಗೊಡುತ್ತದೆ. ಒಂದು ವಾರ ಇದೇ ಪಾಠ. ಆಮೇಲೆ ತಾಯಿ ಊಟಕ್ಕಾಗಿ ಕಡಲಿಗೆ ಹೋದರೆ ಬರುವುದು ನಾಲ್ಕೈದು ದಿನಕ್ಕೆ. ಬಂದು ನೀರಂಚಿನಲ್ಲಿ ನಿಂತು ಕೂಗುತ್ತಾಳೆ. ಸಾವಿರ ದನಿಗಳ ನಡುವೆ ಮರಿ ತನ್ನ ತಾಯಿಯದನ್ನು ಗುರುತಿಸಿ ಓಡಿ ಬರುತ್ತದೆ. ಗುರುತು ತಪ್ಪಿ ಬೇರೆಯವಳ ಹತ್ತಿರ ಹೋದರೆ ಅವಳು ಕಚ್ಚಿ ಓಡಿಸುತ್ತಾಳೆ. ದನಿ ತಪ್ಪಿದರೆ ಹಾಲಿಲ್ಲ. ಇವಳೂ ಒಂದು ವಾರ ಕೂಗಿದಳು. ದನಿ ಹುಟ್ಟುವ ಗಂಟಲಿನ ಮೇಲೆಯೇ ನಾನು ಕೂತಿದ್ದೆ. ಅದು ಆಗ ತುಂಬುದನಿ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೇರುತ್ತಿತ್ತು.

ಆ ದಂಡೆಯಲ್ಲಿ ಹಲವು ದೇಶದವರ ಒಂದು ಸಂಶೋಧನಾ ಬಿಡಾರವಿತ್ತು. ತಾಯಿ ಮರಿಗಳ ಈ ಕೂಗನ್ನೇ ಅಭ್ಯಾಸ ಮಾಡಲು ಬಂದಿದ್ದವರು ಧಾರವಾಡದ ಸುವರ್ಣಾ ಬಡಿಗೇರ. ಕಿತ್ತಳೆ ಬಣ್ಣದ ದಪ್ಪ ಕೋಟು, ಮಂಜು ಹಿಡಿದ ಕನ್ನಡಕ, ಕೈಯಲ್ಲಿ ದನಿ ಹಿಡಿಯುವ ಯಂತ್ರ. ಮೊದಲ ವಾರದಲ್ಲೇ ಅವರು ಇವಳ ಕೂಗನ್ನು ಹಿಡಿದಿಟ್ಟುಕೊಂಡರು, ಮರಿಯ ಬೆನ್ನಿಗೆ ಬಣ್ಣದಿಂದ ಇಪ್ಪತ್ತೇಳು ಎಂದು ಬರೆದರು. ನನ್ನನ್ನು ಅವರು ಆಗಲೇ ನೋಡಿದರು. ತುಪ್ಪಳದ ನಡುವೆ ಒಂದು ನೀಲಿ ಗೆರೆ. ಅದನ್ನು ಕತ್ತರಿಸಬೇಕೆಂದರೆ ದೊಡ್ಡ ಬಲೆ ಹಾಕಿ ಹಿಡಿಯಬೇಕು, ಇಬ್ಬರು ಬೇಕು. ಜೊತೆಗಾರ ದ್ವೀಪದ ಆಚೆ ಬದಿಗೆ ಹೋಗಿದ್ದ. ಅವನು ಬರುವಷ್ಟರಲ್ಲಿ ಇವಳು ಕಡಲಿಗೆ ಇಳಿದಿದ್ದಳು.

ಮರಿಗೆ ಹಾಲಾಗಬೇಕೆಂದು ಅವಳು ಈ ಸಲ ಮೈಮುರಿದು ಈಜಿದಳು, ಆಳಕ್ಕೆ ಮುಳುಗಿದಳು. ಮೂರನೆಯ ದಿನ ಚರ್ಮ ಒಡೆದು ನಾನು ಮಾಂಸದೊಳಗೆ ಇಳಿದೆ. ಉಪ್ಪುನೀರು ಒಳಹೊಕ್ಕಿತು. ಗಂಟಲು ಬಾತುಕೊಂಡು ನನ್ನ ಮೇಲೆ ಮುಚ್ಚಿಕೊಂಡಿತು. ಅಲ್ಲಿಂದಾಚೆ ಹೊರಗಿನದು ನನಗೆ ಮಸುಕಾಗಿ ಕಾಣುತ್ತಿತ್ತು, ಹೆಚ್ಚಾಗಿ ಕೇಳಿಸುತ್ತಿತ್ತು.

ಐದನೆಯ ದಿನ ದಂಡೆಗೆ ಬಂದು ಅವಳು ಕೂಗಿದಳು. ಬೇರೆಯದೇ ದನಿ ಹೊರಬಂತು. ನಡುವೆ ಒಡೆಯಿತು, ಕೊನೆಗೆ ಬರೀ ಉಸಿರಾಯಿತು. ಮತ್ತೆ ಕೂಗಿದಳು. ಎಡದಲ್ಲಿ, ಬಲದಲ್ಲಿ ಮರಿಗಳು ತಂತಮ್ಮ ತಾಯಂದಿರಿಗೆ ಓಗೊಟ್ಟವು. ಇವಳಿಗೆ ಯಾರೂ ಓಗೊಡಲಿಲ್ಲ. ಸಿಕ್ಕ ಸಿಕ್ಕ ಮರಿಗಳನ್ನು ಮೂಸಿ ನೋಡುತ್ತಾ, ಅವುಗಳ ತಾಯಂದಿರಿಂದ ಕಚ್ಚಿಸಿಕೊಳ್ಳುತ್ತಾ ಅವಳು ಎರಡು ದಿನ ದಂಡೆಯುದ್ದಕ್ಕೂ ತೆವಳಿದಳು. ತುಂಬಿದ ಕೆಚ್ಚಲಿನಿಂದ ಹಾಲು ತಾನಾಗಿ ಸೋರಿ ಕಲ್ಲಿನ ಮೇಲೆ ಬಿತ್ತು.

ಮೂರನೆಯ ದಿನ ಬೆಳಿಗ್ಗೆ ಸಂಶೋಧಕರ ಬಲೆ ಅವಳ ಮೇಲೆ ಬಿತ್ತು. ಜೊತೆಗಾರ ಮೇಲೆ ಕೂತು ಅಮುಕಿ ಹಿಡಿದ. ಸುವರ್ಣಾ ಮಂಡಿಯೂರಿ ಕೂತರು.

“ಸುಮ್ನ ಇರವ್ವಾ, ಸುಮ್ನ ಇರು. ಆತು, ಆತು. ಎಷ್ಟ ಒಳಗ ಹೋಗೇದ ನೋಡು ಇದು, ಯವ್ವಾ!” ಎನ್ನುತ್ತಾ ಬಾಗಿದ ಚಾಕುವಿನ ತುದಿಯನ್ನು ನನ್ನ ಕೆಳಗೆ ತೂರಿಸಿದರು. ಒಂದು ಸಲ ಎಳೆದರು. ನನಗೆ ಮತ್ತೆ ಎರಡು ತುದಿಗಳಾದವು. ನನ್ನನ್ನು ಮಾಂಸದಿಂದ ಬಿಡಿಸುವಾಗ ಅವಳು ಕಿರುಚಲೂ ಇಲ್ಲ. ರಕ್ತ ಒರೆಸದೆಯೇ ಸುವರ್ಣಾ ನನ್ನನ್ನು ಸೊಂಟದ ಪಾರದರ್ಶಕ ಚೀಲಕ್ಕೆ ಹಾಕಿಕೊಂಡರು. ಆಗಲೇ ಅವರ ಕಣ್ಣು ಕಲ್ಲಿನ ಮೇಲಿನ ಹಾಲಿಗೆ ಬಿತ್ತು. ತಟ್ಟನೆ ಎದ್ದು ನಿಂತರು.

“ಇಪ್ಪತ್ತೇಳು ಎಲ್ಲಿ?”

ಇಪ್ಪತ್ತೇಳು ದಂಡೆಯ ಇನ್ನೊಂದು ತುದಿಯಲ್ಲಿ, ಒಂದು ಬಂಡೆಯ ಹಿಂದೆ ಮಲಗಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ತಾಯಿಯ ಕೂಗು ಅಲ್ಲಿಗೂ ಕೇಳಿಸುತ್ತಿತ್ತು. ಮರಿಯ ಕಿವಿ ಅಲುಗಲಿಲ್ಲ. ಸುವರ್ಣಾ ದನಿಯಂತ್ರವನ್ನು ಕಲ್ಲಿನ ಮೇಲಿಟ್ಟು ಮೊದಲ ವಾರದ ಕೂಗನ್ನು ಹಾಕಿದರು. ತುಂಬುದನಿ, ಕೊನೆಯಲ್ಲಿ ಮೇಲಕ್ಕೇರುವುದು.

ಮರಿ ತಲೆ ಎತ್ತಿತು. ಓಗೊಟ್ಟಿತು. ಮುಂಗಾಲೂರಿ, ಬಿದ್ದು, ಎದ್ದು, ಆ ಯಂತ್ರದ ಹತ್ತಿರ ಬಂತು. ಅದರ ಕಪ್ಪು ಪ್ಲಾಸ್ಟಿಕ್ ಮೈಯನ್ನು ಮೂಗಿನಿಂದ ತಿವಿದು ಹಾಲು ಹುಡುಕಿತು.

“ನಿಮ್ಮವ್ವ ಅಲ್ಲೋ ಯಪ್ಪಾ ಇದು. ಇದು ಡಬ್ಬಿ,” ಎಂದರು ಸುವರ್ಣಾ. ಅವರು ಅಳುತ್ತಿದ್ದರು, ಕನ್ನಡಕ ತೆಗೆದು ಒರೆಸಿಕೊಳ್ಳಲೂ ಆಗದಷ್ಟು ಅಳುತ್ತಿದ್ದರು. ಮರಿಯನ್ನು ಕೋಟಿನೊಳಗೆ ಅವುಚಿಕೊಂಡು ದಂಡೆಯುದ್ದಕ್ಕೂ ನಡೆದು ತಾಯಿಯ ಮುಂದೆ ಇಳಿಸಿದರು. ಅವಳು ಮೂಸಿದಳು. ಮತ್ತೆ ಮೂಸಿದಳು. ಪಕ್ಕಕ್ಕೆ ಹೊರಳಿ ಕೆಚ್ಚಲು ಕೊಟ್ಟಳು. ಮರಿ ಬಾಯಿ ಹಾಕಿತು, ಚೀಪುವ ಶಕ್ತಿ ಇರಲಿಲ್ಲ. ಹಾಲು ಅದರ ಗಲ್ಲದ ಮೇಲೆ ಹರಿಯಿತು. ಸಂಜೆಯ ಹೊತ್ತಿಗೆ ಅದು ಸತ್ತಿತ್ತು. ಅವಳು ಅದನ್ನು ಮೂಗಿನಿಂದ ತಳ್ಳುತ್ತಾ ಇನ್ನೂ ಕೂಗುತ್ತಿದ್ದಳು. ನಾನು ಚೀಲದೊಳಗಿನಿಂದ ಎಲ್ಲವನ್ನೂ ನೋಡಿದೆ. ನನಗೆ ಏನೂ ಆಗಲಿಲ್ಲ.

ಈಗ ನಾನಿರುವುದು ನಮ್ಮ ದೇಶದ ಒಂದು ಕಡಲೂರಿನ ಪ್ರಯೋಗಾಲಯದಲ್ಲಿ, ಗೋಡೆ ಬದಿಯ ಕಪಾಟಿನ ಕೆಳಗಿನ ಡ್ರಾಯರಿನಲ್ಲಿ. ಸಿಕ್ಕ ದಿನ, ಸಿಕ್ಕ ಜಾಗ, ಸುತ್ತಳತೆ ಇಷ್ಟನ್ನು ಬರೆದ ಚೀಟಿ ಅಂಟಿಸಿದ್ದಾರೆ. ಮುದಿತನ ನನಗೆ ಬರುವುದು ಬಹಳ ನಿಧಾನ. ಈ ಕಟ್ಟಡ ಬಿದ್ದರೂ ನಾನು ಇರುತ್ತೇನೆ, ಇದನ್ನು ಕಟ್ಟಿದವರ ಮೊಮ್ಮಕ್ಕಳು ಹೋದರೂ ಇರುತ್ತೇನೆ. ಇದು ಹೆಮ್ಮೆಯ ಮಾತಲ್ಲ. ಯಾರದೋ ಕೆಲವೇ ವಾರಗಳ ಕೆಲಸಕ್ಕೆ ಇಷ್ಟು ಆಯುಷ್ಯ ಯಾಕೆ ಕೊಟ್ಟರು ಎಂದು ತಿಳಿದವರು ಯೋಚಿಸಬೇಕು.

ಮೊನ್ನೆ ಮಧ್ಯಾಹ್ನ ಸುವರ್ಣಾ ಎರಡನೆಯ ಸಲ ಆ ದ್ವೀಪಕ್ಕೆ ಹೋಗಿ ಬಂದು ಈ ಕೋಣೆಯಲ್ಲಿ ಕೂತಿದ್ದರು. ನನ್ನ ಚೀಟಿಯ ಮೇಲೆ ಏನೋ ಬರೆಯಬೇಕೆಂದು ಡ್ರಾಯರು ತೆರೆದಿಟ್ಟುಕೊಂಡಿದ್ದರು. ಬೆಳಗಾವಿ ಕಡೆಯ ಕಾಶೀಬಾಯಿ ಕಸ ಗುಡಿಸುತ್ತಿದ್ದಳು. ಸುವರ್ಣಾ ದನಿಯಂತ್ರದ ಗುಂಡಿ ಒತ್ತಿದರು. ಮೊದಲು ಗಾಳಿ, ಕಡಲು. ಆಮೇಲೆ ಒಂದು ಕೂಗು. ನಡುವೆ ಒಡೆದು, ಕೊನೆಗೆ ಬರೀ ಉಸಿರಾಗುವ ಕೂಗು.

ಕಾಶೀಬಾಯಿ ಪೊರಕೆ ನಿಲ್ಲಿಸಿದಳು. “ಏನ್ರಿ ಬಾಯಾರ ಅದು? ಎಮ್ಮಿ ಒದರಿದಂಗ ಐತಿ. ಗಂಟ್ಲಾ ಹರದದೇನ್ರಿ ಅದರದು?”

“ಹೂಂ. ಈ ಪಟ್ಟಿ ಸಿಕ್ಕೊಂಡಿತ್ತು. ಗಾಯ ಮಾಯ್ದದ, ದನಿ ತಿರುಗಿ ಬರಲಿಲ್ಲ. ಹ್ವಾದ ವರ್ಷ ಮರಿಗೆ ಗುರ್ತ ಸಿಗದ ಸತ್ತ ಹೋತು. ಈ ವರ್ಷ ಮತ್ತೊಂದು ಹಾಕ್ಯಾಳ, ಹೆಣ್ಣಮರಿ.”

“ಅಯ್ಯ ಶಿವನ! ಇಂಥಾ ದನಿ ಅದಕ್ಕರ ಹ್ಯಾಂಗ ತಿಳೀತೈತ್ರೀ?”

“ಹುಟ್ಟಿದಾಗಿಂದ ಅದು ಕೇಳಿದ್ದು ಇದಽ ದನಿ ಕಾಶೀಬಾಯಿ. ಅದಕ್ಕ ಅವ್ವ ಅಂದ್ರ ಇದಽ. ತಡಿ, ಕೇಳು.”

ಮತ್ತೊಮ್ಮೆ ಆ ಕೂಗು ಬಂತು. ಅದರ ಒಂದೊಂದು ಒಡಕೂ ನನಗೆ ಗೊತ್ತು. ಮಾಡಿದವನು ನಾನು. ದಂಡೆಯ ಸಾವಿರ ದನಿಗಳ ಗದ್ದಲದೊಳಗಿನಿಂದ, ಎಲ್ಲೋ ದೂರದಿಂದ, ಒಂದು ಎಳೆಯ ದನಿ ಆ ಒಡಕಿಗೆ ಓಗೊಟ್ಟಿತು. ಮತ್ತೆ ಓಗೊಟ್ಟಿತು, ಹತ್ತಿರದಿಂದ.

“ಓಡಿ ಬರಾಕತ್ತದ ನೋಡು,” ಎಂದರು ಸುವರ್ಣಾ.